ತೋಳದ ಕೂಗು ಏಳನೇ ಪುಟದಲ್ಲಿ ಯಾಕೆ?

ನಮಸ್ಕಾರ.

ಯುರೋಪಿನಲ್ಲಿ ಹುಟ್ಟಿದ ಪ್ರೊಟೆಸ್ಟಂಟ್ ಪಂಥವಾದ ಮೊರೇವಿಯನ್ ಕ್ರೈಸ್ತರ ಹಳೆಯ ದಿನಚರಿಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ.

ಮೊದಲ ಎರಡು ಪುಟ ಬರೀ ಭಕ್ತಿ, ತ್ಯಾಗ, ಸರಳ ಬದುಕು. ಯಾವ ಪಂಥದ ಬಗ್ಗೆ ಬೇಕಾದರೂ ಇಷ್ಟು ಹೇಳಬಹುದು, ಅಲ್ವಾ? 1722ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ, ಈ ಪಂಥದ ಮುಖಂಡ ಜಿನ್ಜೆಂಡಾರ್ಫ್ ಅವರ ಜಮೀನಿನಲ್ಲಿ ಹೆರ್ನ್‌ಹೂಟ್ ಊರು ಹುಟ್ಟಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿ. ನಿಮ್ಮ ಒಳ್ಳೆಯ ಸರಕು ಏಳನೇ ಪುಟದಲ್ಲಿ ಅಡಗಿ ಕೂತಿದೆ. 1753ರ ನವೆಂಬರ್ 17. ಅಮೆರಿಕದ ಪೆನ್ಸಿಲ್ವೇನಿಯಾದಿಂದ ಹೊರಟ 15 ಮಂದಿ ಮೊರೇವಿಯನ್ನರು ಉತ್ತರ ಕ್ಯಾರೊಲೈನಾದ ಕಾಡು ತಲುಪಿ, ಯಾರೋ ಬಿಟ್ಟುಹೋದ ಗುಡಿಸಲು ಹೊಕ್ಕರು. ಒಟ್ಟಿಗೆ ಕೂತು ಪ್ರೀತಿಭೋಜನ, ಅಂದರೆ ಪ್ರಾರ್ಥನೆಯ ಜೊತೆಗಿನ ಸರಳ ಊಟ, ಮಾಡಿದರು. ಹೊರಗೆ ತೋಳಗಳು ಕೂಗುತ್ತಿದ್ದವು. ದಿನಚರಿ ಬರೆದವರು ಅದನ್ನೂ ಬಿಡಲಿಲ್ಲ. ನೀವು ಮಾತ್ರ ಅರ್ಧ ಸಾಲಿನಲ್ಲಿ ಹೇಳಿ ಮುಂದಕ್ಕೆ ಓಡಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ.

ಇನ್ನು ದೊಡ್ಡ ತಪ್ಪು. ಇವುಗಳನ್ನು ಖಾಸಗಿ ಡೈರಿ ಅಂದುಕೊಂಡು ಮನಸ್ಸಿನ ಗುಟ್ಟು ಹುಡುಕಿದ್ದೀರಿ. ಇವು ಇಡೀ ಊರಿನ ಡೈರಿಗಳು. ಸಭೆಯ, ಅಂದರೆ ಊರಿನ ಚರ್ಚಿನ ಸಮುದಾಯದ, ಪರವಾಗಿ ಬರೆದು, ಪ್ರತಿ ತೆಗೆದು, ಬೇರೆ ಊರಿನ ಸಭೆಗಳಿಗೆ ಕಳಿಸುತ್ತಿದ್ದರು. ಅಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಹತ್ತು ಜನ ಕೇಳಿಸಿಕೊಳ್ಳುವ ಕಾಗದದಲ್ಲಿ ಮನೆಜಗಳ ಯಾರು ಬರೆಯುತ್ತಾರೆ? ಬರೆಯದೆ ಬಿಟ್ಟದ್ದರ ಮೇಲೂ ಕಣ್ಣಿಡಿ.

ಒಬ್ಬೊಬ್ಬರ ದನಿಯೇ ಬೇಕಿದ್ದರೆ ಅವರ ಜೀವನಕಥೆಗಳಿಗೆ ಹೋಗಿ. ಎಷ್ಟೋ ಮಂದಿ ತಮ್ಮ ಕಥೆ ತಾವೇ ಬರೆದಿಡುತ್ತಿದ್ದರು, ಸತ್ತ ಮೇಲೆ ಅದನ್ನು ಸಭೆಯಲ್ಲಿ ಓದುತ್ತಿದ್ದರು. ಹೆಂಗಸರು ಬರೆದವೂ ಇವೆ. ಪೆನ್ಸಿಲ್ವೇನಿಯಾದಲ್ಲಿದ್ದ ಅವರ ಊರು ಬೆತ್ಲೆಹೆಮ್‌ಗೆ ಗುಲಾಮರಾಗಿ ಬಂದ ಆಫ್ರಿಕನ್ನರ ಕಥೆಗಳೂ ಇವೆ. ಇವನ್ನು ಊರಿನ ಡೈರಿಯ ಪಕ್ಕದಲ್ಲಿಟ್ಟು ಓದಿದರೆ ನಿಮ್ಮ ಲೇಖನಕ್ಕೆ ಜೀವ ಬರುತ್ತದೆ.

ಮದುವೆ ಆಗಬಹುದೇ ಎಂದು ತಿಳಿಯಲು ಚೀಟಿ ಎತ್ತುತ್ತಿದ್ದುದನ್ನು 'ಮೂಢನಂಬಿಕೆ' ಅಂತ ತಳ್ಳಿಹಾಕಿದ್ದೀರಿ. ಅದು ಅವಸರದ ತೀರ್ಪು. ಚೀಟಿಯ ಮೂಲಕ ಕ್ರಿಸ್ತನೇ ಉತ್ತರ ಕೊಡುತ್ತಾನೆ ಎಂದು ಅವರು ನಂಬಿದ್ದರು. ಒಂದರಲ್ಲಿ ಹೌದು, ಒಂದರಲ್ಲಿ ಇಲ್ಲ, ಇನ್ನೊಂದು ಖಾಲಿ. ಖಾಲಿ ಬಂದರೆ ಕಾಯಬೇಕು. 'ಹೌದು' ಬಂದ ಮೇಲೂ ಹೆಣ್ಣು ಒಲ್ಲೆ ಅನ್ನಬಹುದಿತ್ತು. ಆ ಖಾಲಿ ಚೀಟಿಯ ಮೇಲೇ ಒಂದು ಪ್ಯಾರಾ ಬರೆಯಬಹುದು ನೋಡಿ.

ಮಂಗಳೂರಿನ ಬಾಸೆಲ್ ಮಿಶನ್ ಬಗೆಗಿನ ಭಾಗ ತೆಗೆದುಬಿಡಿ. ಅದು ಬೇರೆಯೇ ಸಂಸ್ಥೆ. ಕನ್ನಡ ಓದುಗರಿಗೆ ಹತ್ತಿರವಾಗಲಿ ಅಂತ ಸುಮ್ನೆ ಅಂಟಿಸಿದ ಹಾಗಿದೆ.

ಹನ್ನೊಂದು ಪುಟ ಜಾಸ್ತಿಯಾಯಿತು, ಐದು ಸಾಕು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ