ಬಿಂದಿಗೆ ಮೇಲೆ ಬಂದಂತೆ ಹಗ್ಗ ಹಗುರ

ಪ್ರಶ್ನೆ: 20 ಮೀಟರ್ ಆಳದ ಬಾವಿಯಿಂದ ನೀರು ಸೇದಲು ಎಷ್ಟು ಕೆಲಸ (ಬಲ ಗುಣಿಸು ದೂರ, ಜೂಲ್‌ಗಳಲ್ಲಿ) ಆಗುತ್ತದೆ ಎಂಬ ಲೆಕ್ಕ ಕೊಟ್ಟಿದ್ದರು. ನೀರು ತುಂಬಿದ ಬಿಂದಿಗೆ 12 ಕೆ.ಜಿ., ಹಗ್ಗ ಮೀಟರಿಗೆ 250 ಗ್ರಾಂ. ಒಟ್ಟು 17 ಕೆ.ಜಿ. ಎಂದು ಹಿಡಿದು ನಾನು 3400 ಜೂಲ್ ಬರೆದೆ. ಗೆಳತಿ ಹಗ್ಗದ ತೂಕವನ್ನು ಅರ್ಧ ಮಾತ್ರ ಹಿಡಿದು 2900 ಬರೆದಳು. ಲೆಕ್ಚರರ್ ಇಂಟಿಗ್ರೇಷನ್ ಮಾಡಿದಾಗಲೂ 2900 ಬಂತು. ಹಾಗಾದರೆ ಇಂಟಿಗ್ರೇಷನ್ ಯಾಕೆ ಬೇಕು?
— ಪ್ರಥಮ ಪಿಯು ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ರಾಟೆಯ ಬಾವಿಯಲ್ಲಿ ನೀವೇ ನೀರು ಸೇದಿದ್ದರೆ ಇದು ಕೈಗೇ ಗೊತ್ತಾಗಿರುತ್ತಿತ್ತು. ಮೊದಲ ಜಗ್ಗುವಿಕೆ ಭಾರ, ಕೊನೆಯದು ಹಗುರ. ಮೇಲೆ ಬಂದ ಹಗ್ಗ ಕಟ್ಟೆಯ ಮೇಲೆ ಸುರುಳಿಯಾಗಿ ಬೀಳುತ್ತದೆ, ಅದರ ತೂಕ ಆಮೇಲೆ ನಿಮ್ಮದಲ್ಲ. ಕೆ.ಜಿ.ಗೆ 10 ನ್ಯೂಟನ್ ಲೆಕ್ಕದಲ್ಲಿ ಬಲ 170 ನ್ಯೂಟನ್‌ನಿಂದ ಶುರುವಾಗಿ 120ಕ್ಕೆ ಇಳಿಯುತ್ತದೆ. ನೀವು ಕೊನೆಯವರೆಗೂ 170 ಅಂತಲೇ ಹಿಡಿದಿರಿ.

ಈಗ ಬಾವಿಯನ್ನು ಒಂದೊಂದು ಮೀಟರಿನ 20 ತುಂಡು ಮಾಡಿ. ಪ್ರತಿ ತುಂಡಿನಲ್ಲೂ ಶುರುವಿನ ಬಲವನ್ನೇ ಹಿಡಿದು ಕೂಡಿದರೆ 2925 ಜೂಲ್, ಕೊನೆಯ ಬಲ ಹಿಡಿದರೆ 2875. ನಿಜವಾದ ಉತ್ತರ ಇವೆರಡರ ನಡುವೆ ಸಿಕ್ಕಿಬಿದ್ದಿದೆ. ತುಂಡನ್ನು 10 ಸೆಂಟಿಮೀಟರಿಗೆ ಇಳಿಸಿ: 2902.5 ಮತ್ತು 2897.5. 50 ಇದ್ದ ಅಂತರ 5 ಆಯಿತು. ತುಂಡು ಸಣ್ಣದಾದಷ್ಟೂ ಅದರೊಳಗೆ ಬಲ ಬದಲಾಗುವುದು ಕಡಿಮೆ, ಆಗ ‘ಬಲ ಗುಣಿಸು ದೂರ’ ಎಂಬ ಹಳೇ ಸೂತ್ರವೇ ಸಾಕು. ಇದನ್ನು ಕೊನೆಮುಟ್ಟಿಸುವುದೇ ಇಂಟಿಗ್ರೇಷನ್. ದಯವಿಟ್ಟು ಈ ಕೂಡಿಕೆಯನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ಸೂತ್ರ ಬಾಯಿಪಾಠ ಮಾಡಿದವರಿಗೆ ಈ ಖುಷಿ ಸಿಗುವುದಿಲ್ಲ.

ಬಿಂದಿಗೆ ಮೇಲೆ ಬಂದ ದೂರ ‘ವೈ’ ಆದರೆ, ಬಲ 170 − 2.5 ವೈ. ಅದರ ಇಂಟಿಗ್ರೇಷನ್ 170 ವೈ − 1.25 ವೈ². ಸೊನ್ನೆಯಿಂದ 20ರವರೆಗೆ: 3400 − 500, ಅಂದರೆ 2900. ನಿಮ್ಮ 3400 ಅಲ್ಲೇ ಇದೆ ನೋಡಿ, ಹಗುರಾದ ಹಗ್ಗದ 500 ಕಳೆಯುವುದಷ್ಟೇ ಬಾಕಿ ಇತ್ತು. (ಇಲ್ಲಿ ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದಿದ್ದೇವೆ. ಬೆಂಗಳೂರಿನಲ್ಲಿ ಅದು ಸುಮಾರು 9.78.)

ನಿಮ್ಮ ಗೆಳತಿಯದು ತಪ್ಪಲ್ಲ. ಬಲ ಒಂದೇ ಸಮನೆ ಇಳಿಯುವುದರಿಂದ ಗ್ರಾಫ್ ನೇರ ಗೆರೆ, ಅಲ್ಲಿ ಮೊದಲು–ಕೊನೆಯ ಸರಾಸರಿ ನಡೆಯುತ್ತದೆ. ಸ್ಪ್ರಿಂಗಿಗೂ ನಡೆಯುತ್ತದೆ, ಸ್ಪ್ರಿಂಗ್ ಎಳೆಯುವ ಕೆಲಸದ ಸೂತ್ರದಲ್ಲಿ (½kx²) ‘ಅರ್ಧ’ ಬಂದಿದ್ದೂ ಹೀಗೇ. ಗೆರೆ ಬಾಗಿತೋ, ಕೆಟ್ಟಿತು. ನಮ್ಮೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಂಥ ಕಡೆ ಕೆಲಸ ಮಾಡುವವರಿಗೆ ಎದುರಾಗುವುದು ಬಾಗಿದ ಗೆರೆಯೇ. ಒಂದು ಕಿಲೋ ವಸ್ತುವನ್ನು ಭೂಮಿಯ ತ್ರಿಜ್ಯದಷ್ಟು, ಅಂದರೆ 6400 ಕಿ.ಮೀ. ಎತ್ತರಕ್ಕೆ ಒಯ್ಯಿರಿ. ಅಲ್ಲಿ ಭೂಮಿಯ ಸೆಳೆತ ಕಾಲು ಭಾಗಕ್ಕೆ ಇಳಿದಿರುತ್ತದೆ. ಸರಾಸರಿ ಹಿಡಿದರೆ 4 ಕೋಟಿ ಜೂಲ್, ಇಂಟಿಗ್ರೇಷನ್ ಕೊಡುವ ಸರಿಯುತ್ತರ 3.2 ಕೋಟಿ. 80 ಲಕ್ಷ ಜೂಲ್ ಹೆಚ್ಚು ಬಂತು!

ನಿಮ್ಮಿಬ್ಬರಿಗೂ ಒಂದು ಲೆಕ್ಕ: ಅದೇ ಬಿಂದಿಗೆಗೆ ತೂತು ಬಿದ್ದು ಸೆಕೆಂಡಿಗೆ 50 ಗ್ರಾಂ ನೀರು ಸೋರುತ್ತಿದೆ. ಸೋರಿಕೆ ಸಮಯದ ಲೆಕ್ಕದಲ್ಲಿದೆ, ನಿಮಗೆ ಬೇಕಿರುವುದು ದೂರದ ಲೆಕ್ಕ. ಹಾಗಾಗಿ ಸೇದುವ ವೇಗ ಗೊತ್ತಿಲ್ಲದೆ ಉತ್ತರ ಬಾರದು. ಸೆಕೆಂಡಿಗೆ ಅರ್ಧ ಮೀಟರ್ ಎಂದು ಹಿಡಿದು ಶುರುಮಾಡಿ.