ಆಲ್ಪ್ಸ್ ಚಾರಣ: ಊಟ ಎಲ್ಲಿ, ಮಳೆ ಬಂದರೆ ಎಲ್ಲಿಗೆ?

ಪ್ರಶ್ನೆ: ಮೇಡಂ, ಜುಲೈ ಎರಡನೇ ವಾರ ಅಪ್ಪ, ಅಮ್ಮ, ಏಳು ವರ್ಷದ ಮಗಳನ್ನು ಕರೆದುಕೊಂಡು ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್‌ನಲ್ಲಿ ಐದು ದಿನ ಇರುತ್ತೇವೆ. ಅಪ್ಪನಿಗೆ 68 ವರ್ಷ. ಮಂಡಿನೋವಿದೆ, ಸಕ್ಕರೆ ಕಾಯಿಲೆಯೂ ಇದೆ. ಆದರೂ ರೈಲಿನ ಕಿಟಕಿಯಿಂದ ಬೆಟ್ಟ ನೋಡಿ ಬರೋದಾದರೆ ನಾನು ಬರೋದೇ ಇಲ್ಲ, ನಡೀಬೇಕು ಅಂತ ಅವರ ಹಟ. ಯಾವ ದಾರಿ ಹಿಡಿಯೋಣ? – ಓದುಗರು, ಮೈಸೂರು

ಉತ್ತರ: ನಿಮ್ಮ ತಂದೆಯವರ ಹಟ ನನಗೆ ತುಂಬ ಹಿಡಿಸಿತು. ಅವರನ್ನು ಖಂಡಿತ ನಡೆಸಿ. ಆದರೆ ದಾರಿ ಹುಡುಕುವ ಮೊದಲು ಊಟದ ಜಾಗ ಹುಡುಕಿ.

ಹೀಗೆ ಹೇಳುವುದಕ್ಕೆ ಕಾರಣವಿದೆ. ನಾನು ತೀರ್ಥಹಳ್ಳಿ ಕಡೆಯವಳು. ಹದಿನಾರು ವರ್ಷದಿಂದ ಇಲ್ಲಿ ಥೂನ್‌ನಲ್ಲಿದ್ದೇನೆ. ನನ್ನ ಅಪ್ಪ ಮೊದಲ ಸಲ ಬಂದಾಗ ನಾನು ಬೆಟ್ಟ, ನೋಟ, ರೈಲಿನ ಸಮಯ ಎಲ್ಲ ಲೆಕ್ಕ ಹಾಕಿದ್ದೆ. ಊಟವನ್ನು ಮಾತ್ರ ‘ಮೇಲೆ ಎಲ್ಲಾದರೂ ಸಿಗುತ್ತೆ’ ಎಂದು ಬಿಟ್ಟಿದ್ದೆ. ಹೋಟೆಲ್ ಮುಟ್ಟುವಾಗ ಎರಡೂಕಾಲು. ಅಡುಗೆಮನೆ ಮುಚ್ಚಿದೆ, ಕೇಕ್ ಮಾತ್ರ ಇದೆ ಎಂದರು. ಬೆಳಿಗ್ಗೆಯೇ ಸಕ್ಕರೆಯ ಮಾತ್ರೆ ತೆಗೆದುಕೊಂಡಿದ್ದ ಅಪ್ಪನ ಕೈ ನಡುಗುತ್ತಿತ್ತು, ಹಣೆಯಲ್ಲಿ ತಣ್ಣನೆ ಬೆವರು. ಪಕ್ಕದ ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಮಾತೇ ಆಡದೆ ಚೀಲದಿಂದ ಗ್ಲೂಕೋಸ್ ಬಿಲ್ಲೆ ತೆಗೆದು ಅಪ್ಪನ ಅಂಗೈಗಿಟ್ಟರು. ಆ ಹತ್ತು ನಿಮಿಷ ನಾನು ಮರೆತಿಲ್ಲ. ಬೆಟ್ಟದ ಹೋಟೆಲುಗಳಲ್ಲಿ ಬಿಸಿ ಊಟ ಸಾಮಾನ್ಯವಾಗಿ ಹನ್ನೊಂದೂವರೆಯಿಂದ ಎರಡರವರೆಗೆ. ನೀವು ಹನ್ನೆರಡೂವರೆಗೆ ಮೇಜಿನ ಮುಂದೆ ಕೂತಿರುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ. ಚಿಕ್ಕಿ ತಂದೆಯವರ ಜೇಬಿನಲ್ಲೇ ಇರಲಿ, ನಿಮ್ಮ ಚೀಲದಲ್ಲಲ್ಲ.

ಮೊದಲ ದಿನಕ್ಕೆ ಗ್ರ್ಯೂಚಾಲ್ಪ್‌ನಿಂದ ಮ್ಯೂರೆನ್ ದಾರಿ. ಲೌಟರ್‌ಬ್ರುನ್ನೆನ್ ನಿಲ್ದಾಣದ ಎದುರಿನಿಂದಲೇ ಕೇಬಲ್ ಕಾರಿನಲ್ಲಿ ಗ್ರ್ಯೂಚಾಲ್ಪ್‌ಗೆ ಏರಬಹುದು. ಅಲ್ಲಿಂದ ಪುಟ್ಟ ರೈಲಿನ ಹಳಿಯ ಪಕ್ಕದಲ್ಲೇ ಕಾಲುದಾರಿ, ಸುಮಾರು ನಾಲ್ಕೂವರೆ ಕಿಲೋಮೀಟರ್, ಹೆಚ್ಚು ಏರಿಳಿತವಿಲ್ಲ. ಎಡಗಡೆ ಕಣಿವೆ, ಅದರಾಚೆ ಐಗರ್ (3,967 ಮೀಟರ್), ಮ್ಯೋಂಖ್, ಯುಂಗ್‌ಫ್ರೌ (4,158 ಮೀಟರ್) ಮೂರೂ ಸಾಲಾಗಿ ನಿಮ್ಮ ಜೊತೆಗೇ ಬರುತ್ತವೆ. ಅರ್ಧ ದಾರಿಯಲ್ಲಿ ವಿಂಟೆರೆಗ್, ಅಲ್ಲೊಂದು ಹೋಟೆಲು, ಪಕ್ಕದಲ್ಲೇ ಚೀಸ್ ಮಾಡುವ ಮನೆ. ಊಟ ಅಲ್ಲಿಟ್ಟುಕೊಳ್ಳಿ. ವಿಂಟೆರೆಗ್‌ನಲ್ಲಿ ರೈಲೂ ನಿಲ್ಲುತ್ತದೆ. ಮಂಡಿ ‘ಸಾಕು’ ಎಂದರೆ ಅಪ್ಪ, ಅಮ್ಮ ರೈಲು ಹತ್ತಲಿ, ನೀವು ಮಗಳ ಜೊತೆ ಮ್ಯೂರೆನ್‌ಗೆ ನಡೆದು ಹೋಗಿ. ಅರ್ಧಕ್ಕೇ ನಿಲ್ಲಿಸಬಹುದು ಎಂದು ಮೊದಲೇ ಗೊತ್ತಿದ್ದರೆ ಹಿರಿಯರು ಧೈರ್ಯವಾಗಿ ಹೆಜ್ಜೆ ಹಾಕುತ್ತಾರೆ.

ಆಕಾಶ ಪೂರ್ತಿ ತಿಳಿಯಾಗಿರುವ ದಿನವನ್ನು ಮೆನ್ಲಿಖೆನ್‌ಗೆ ಎತ್ತಿಡಿ. ವೆಂಗೆನ್‌ವರೆಗೆ ರೈಲು, ಅಲ್ಲಿಂದ ಮೇಲಕ್ಕೆ ಕೇಬಲ್ ಕಾರು. ಮೇಲೆ ಮರದ ದೊಡ್ಡ ಹಸುವಿರುವ ಆಟದ ಅಂಗಳವಿದೆ, ಮಗಳನ್ನು ಅರ್ಧ ಗಂಟೆ ಅಲ್ಲಿ ಬಿಡಿ. ಆಮೇಲೆ ಕ್ಲೈನೆ ಶೈಡೆಗ್ ಕಡೆಗೆ ನಾಲ್ಕೂವರೆ ಕಿಲೋಮೀಟರ್, ಬಹುಪಾಲು ಸಣ್ಣ ಇಳಿಜಾರು. ಕ್ಲೈನೆ ಶೈಡೆಗ್ ಇರುವುದು 2,061 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಲ್ಲಿ ಊಟಕ್ಕೆ ಕೂತರೆ ಐಗರ್‌ನ ಉತ್ತರದ ಗೋಡೆ ಕಣ್ಣೆದುರೇ. ಆ ಗೋಡೆಯನ್ನು ಮನುಷ್ಯರು ಮೊದಲು ಹತ್ತಿ ಮುಗಿಸಿದ್ದು 1938ರಲ್ಲಿ. ಅದಕ್ಕೂ ಮುಂಚೆ ಪ್ರಯತ್ನಿಸಿದ ಹಲವರು ಅಲ್ಲೇ ಪ್ರಾಣ ಬಿಟ್ಟರು, ಕೆಳಗಿದ್ದ ಜನ ದುರ್ಬೀನಿನಲ್ಲಿ ನೋಡುತ್ತಿದ್ದರು. ತಂದೆಯವರಿಗೆ ಇದನ್ನು ಅಲ್ಲೇ ಕೂತು ಹೇಳಿ. ಇಳಿಯುವುದಕ್ಕೆ ರೈಲು ಹಿಡಿಯಿರಿ. ಮಂಡಿ ಕೈಕೊಡುವುದು ಹತ್ತುವಾಗಲ್ಲ, ಇಳಿಯುವಾಗ.

ಚಾರಣದ ದಾರಿಗಳಲ್ಲಿರುವ ಹಳದಿ ಫಲಕಗಳ ಮೇಲಿನ ಸಮಯದ ಬಗ್ಗೆ ಒಂದು ಮಾತು. ‘1 ಗಂಟೆ 30 ನಿಮಿಷ’ ಎಂದರೆ ಬರೀ ನಡಿಗೆಯ ಸಮಯ. ಫೋಟೋ, ನೀರು, ವಿಶ್ರಾಂತಿ ಅದರಲ್ಲಿ ಸೇರಿಲ್ಲ. ಹಿರಿಯರು, ಮಕ್ಕಳು ಇದ್ದಾಗ ನಾನು ಅದನ್ನು ದುಪ್ಪಟ್ಟು ಮಾಡಿಕೊಳ್ಳುತ್ತೇನೆ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಗುಡುಗು ಮಿಂಚು ಬರುವುದು ಮಾಮೂಲು, ಆದ್ದರಿಂದ ಎಂಟರೊಳಗೆ ಮನೆ ಬಿಡಿ. ಬೆಟ್ಟದಿಂದ ಇಳಿಯುವ ಕೊನೆಯ ಕೇಬಲ್ ಕಾರಿನ ಸಮಯವನ್ನು ಹತ್ತುವಾಗಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಅಕ್ಕಾ, ಐದರಲ್ಲಿ ಎರಡು ದಿನ ಮಳೆ ಅಂತ ಎಲ್ಲರೂ ಹೆದರಿಸ್ತಾರೆ. ಯುಂಗ್‌ಫ್ರೌಯೋಖ್ ಟಿಕೆಟ್ ಈಗಲೇ ತೆಗೆದುಬಿಡಲಾ? ಮಳೆ ಬಂದರೆ ರೂಮಿನಲ್ಲೇ ಕೂರಬೇಕಾ? – ಓದುಗರು, ದಾವಣಗೆರೆ

ಉತ್ತರ: ಎರಡಕ್ಕೂ ಬೇಡ ಎನ್ನುತ್ತೇನೆ. 3,454 ಮೀಟರ್ ಎತ್ತರದ ಆ ರೈಲು ನಿಲ್ದಾಣ ಮೋಡದೊಳಗಿದ್ದರೆ ನಿಮಗೆ ಕಾಣುವುದು ಬಿಳಿ ಗೋಡೆ, ಅಷ್ಟೇ. ದಿನಾಂಕವನ್ನು ಊರಿನಿಂದಲೇ ಗಟ್ಟಿ ಮಾಡಿಕೊಂಡು ಬರಬೇಡಿ. ಹಿಂದಿನ ರಾತ್ರಿ ಮೆಟಿಯೋಸ್ವಿಸ್ ಹವಾಮಾನ ಆಪ್, ಬೆಳಿಗ್ಗೆ ಆರೂವರೆಗೆ ಬೆಟ್ಟದ ಮೇಲಿನ ಕ್ಯಾಮೆರಾ, ಇವೆರಡನ್ನೂ ನೋಡಿ ತೀರ್ಮಾನಿಸಿ. ಕೆಲವು ದಿನ ಕಣಿವೆಯಲ್ಲಿ ಮಂಜು ಮುಸುಕಿದ್ದು ಮೇಲೆ ಬಿಸಿಲು ಹೊಡೆಯುತ್ತಿರುತ್ತದೆ. ಕ್ಯಾಮೆರಾ ನೋಡದಿದ್ದರೆ ಅದು ಗೊತ್ತೇ ಆಗುವುದಿಲ್ಲ.

ಮಳೆ ದಿನಕ್ಕೆ ನನ್ನ ಮೊದಲ ಆಯ್ಕೆ ಟ್ರ್ಯೂಮೆಲ್‌ಬಾಖ್. ಲೌಟರ್‌ಬ್ರುನ್ನೆನ್‌ನಿಂದ ಬಸ್ಸಿದೆ, ಕೊಡೆ ಹಿಡಿದು ಸಮತಟ್ಟು ದಾರಿಯಲ್ಲಿ ನಡೆದೂ ಹೋಗಬಹುದು. ಐಗರ್, ಮ್ಯೋಂಖ್, ಯುಂಗ್‌ಫ್ರೌ ಹಿಮನದಿಗಳ ನೀರೆಲ್ಲ ಬಂಡೆಯ ಹೊಟ್ಟೆಯೊಳಗೆ ಹತ್ತು ಜಲಪಾತಗಳಾಗಿ ಧುಮುಕುತ್ತದೆ. ಸೆಕೆಂಡಿಗೆ 20,000 ಲೀಟರ್‌ವರೆಗೂ ಹರಿಯುತ್ತದೆ. ಬಂಡೆಯೊಳಗಿನ ಲಿಫ್ಟಿನಲ್ಲಿ ಏರಿ, ಸುರಂಗ, ಮೆಟ್ಟಿಲುಗಳ ದಾರಿಯಲ್ಲಿ ನೋಡುತ್ತ ಇಳಿಯಬೇಕು. ಕಾಲಡಿಯ ನೆಲ ಸಣ್ಣಗೆ ಅದುರುವುದು ಅಂಗಾಲಿಗೆ ಗೊತ್ತಾಗುತ್ತದೆ. ಮಳೆಗಾಲದ ಜೋಗವನ್ನು ನೋಡಿದವರು ನಾವು, ಆದರೂ ನೀರಿನ ಇಷ್ಟು ಸದ್ದನ್ನು ಇಷ್ಟು ಹತ್ತಿರ ನಾನು ಬೇರೆಲ್ಲೂ ಕೇಳಿಲ್ಲ. ಒಳಗೆ ಚಳಿ, ಮೆಟ್ಟಿಲು ಒದ್ದೆ, ಹಿಡಿತವಿರುವ ಬೂಟೇ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ.

ಎರಡನೆಯದು ಬ್ರಿಯೆಂಜ್ ಬಳಿಯ ಬಾಲೆನ್‌ಬೆರ್ಗ್. ದೇಶದ ಮೂಲೆಮೂಲೆಯಿಂದ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದ ನೂರಕ್ಕೂ ಹೆಚ್ಚು ಹಳೆಯ ಮನೆಗಳು ಅಲ್ಲಿವೆ. 1978ರಲ್ಲಿ ತೆರೆದದ್ದು. ಒಂದು ಸೂರಿನಿಂದ ಇನ್ನೊಂದು ಸೂರಿಗೆ ಓಡಿ, ಒಲೆಯ ಮುಂದೆ ನಿಂತು ಕೈ ಕಾಯಿಸಿಕೊಳ್ಳುವಾಗ ಹೊಗೆ ಹಿಡಿದ ಜಂತೆ ನೋಡಿದರೆ ನಮ್ಮಜ್ಜಿಮನೆಯ ಬಚ್ಚಲೊಲೆ ನೆನಪಾಗಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಊಟಕ್ಕೆ ಒಳಗೇ ಹೋಟೆಲುಗಳಿವೆ.

ದಿನವಿಡೀ ಸುರಿದರೆ ರೈಲು ಹತ್ತಿ ಬರ್ನ್‌ಗೆ ಹೋಗಿ. ಹಳೆಯ ಪೇಟೆಯ ಅಂಗಡಿಗಳ ಮುಂದೆ ಸುಮಾರು ಆರು ಕಿಲೋಮೀಟರ್ ಕಮಾನು ಮೊಗಸಾಲೆ ಇದೆ, ಕೊಡೆ ಬಿಚ್ಚದೆ ಸುತ್ತಬಹುದು.

ಮಲೆನಾಡು ಕಡೆಯವರಿಗೆ ವಿಶೇಷವಾಗಿ ಹೇಳುತ್ತೇನೆ: ನಮ್ಮ ಮಳೆಯಲ್ಲಿ ನೆಂದರೆ ತಲೆ ಒರೆಸಿಕೊಂಡು ಕಷಾಯ ಕುಡಿದರಾಯಿತು. ಇಲ್ಲಿ ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಚಳಿ ಹೆಚ್ಚುತ್ತದೆ, 2,000 ಮೀಟರ್ ಮೇಲೆ ಜುಲೈನಲ್ಲೂ ಹಿಮ ಬೀಳಬಹುದು. ರೈನ್‌ಕೋಟು, ಒಂದು ಉಣ್ಣೆಯ ಅಂಗಿ, ಬೇರೆ ಜೊತೆ ಕಾಲುಚೀಲ ಬಿಸಿಲಿದ್ದರೂ ಚೀಲದಲ್ಲಿರಲಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬೆಟ್ಟದ ಮೇಲೆ ಏನು ತಿನ್ನೋದು? ಊರಿಂದ ಏನೇನು ತರಬಹುದು? – ಓದುಗರು, ಹುಬ್ಬಳ್ಳಿ

ಉತ್ತರ: ಆಲೂಗಡ್ಡೆ ತುರಿದು ಹುರಿದ ರ‍್ಯೋಷ್ಟಿ ಬಹುತೇಕ ಎಲ್ಲ ಕಡೆ ಸಿಗುತ್ತದೆ. ಮ್ಯಾಕರೋನಿ, ಆಲೂಗಡ್ಡೆ, ಚೀಸ್ ಸೇರಿಸಿ, ಮೇಲೆ ಹುರಿದ ಈರುಳ್ಳಿ ಹಾಕಿ, ಬೇಯಿಸಿದ ಸೇಬಿನ ಗೊಜ್ಜಿನ ಜೊತೆ ಕೊಡುವ ಎಲ್ಪ್ಲರ್‌ಮಾಗ್ರೋನೆನ್ ನನ್ನ ಮಕ್ಕಳಿಗೆ ಪ್ರಾಣ. ಆದರೆ ಎರಡರಲ್ಲೂ ಹಂದಿಮಾಂಸದ ಚೂರು ಇರಬಹುದು. ‘ಓನೆ ಷ್ಪೆಕ್, ಓನೆ ಫ್ಲೈಶ್’ ಎಂದು ಕೇಳಿ, ಅಂದರೆ ಹಂದಿಮಾಂಸವೂ ಬೇಡ, ಯಾವ ಮಾಂಸವೂ ಬೇಡ ಎಂದು. ಕಟ್ಟುನಿಟ್ಟಿನವರಿಗೆ ಇನ್ನೊಂದು ವಿಷಯ: ಇಲ್ಲಿನ ಸಾಂಪ್ರದಾಯಿಕ ಚೀಸುಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅದು ಬೇಡವಾದರೆ ಬುತ್ತಿಯೇ ಸರಿ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತನ್ನಿ. ತುಪ್ಪ, ಧಾರವಾಡ ಪೇಡ ತರಬೇಡಿ, ಭಾರತದಿಂದ ಹಾಲಿನ ಪದಾರ್ಥ ತರಲು ಇಲ್ಲಿ ಅನುಮತಿಯಿಲ್ಲ. ಮೊಸರು ಇಲ್ಲೇ ಚೆನ್ನಾಗಿ ಸಿಗುತ್ತದೆ. ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಡಿ. ಬುತ್ತಿ ಬಿಚ್ಚಲು ಬಾಖಾಲ್ಪ್‌ಸೇ ಕೆರೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಗ್ರಿಂಡೆಲ್‌ವಾಲ್ಡ್‌ನಿಂದ ಗೊಂಡೊಲಾದಲ್ಲಿ ಫಿರ್ಸ್ಟ್‌ಗೆ ಹೋಗಿ, ಅಲ್ಲಿಂದ ಒಂದು ಗಂಟೆ ನಡಿಗೆ. ಕೆರೆಯ ಬಳಿ ಹೋಟೆಲಿಲ್ಲ. ಗಾಳಿ ಏಳುವ ಮೊದಲು ಮುಟ್ಟಿದರೆ ಷ್ರೆಕ್‌ಹಾರ್ನ್ ಶಿಖರ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ.

ಪ್ರಶ್ನೆ: ಜೂನ್ ಮೊದಲ ವಾರ ಇಬ್ಬರು ಗೆಳೆಯರು ಐಗರ್ ಟ್ರೇಲ್ ಮಾಡಬಹುದೇ? – ಓದುಗರು, ಬೆಂಗಳೂರು

ಉತ್ತರ: ಆ ಹೊತ್ತಿಗೆ ದಾರಿಯ ಮೇಲೆ ಇನ್ನೂ ಹಿಮ ಇರುವ ಸಂಭವವೇ ಹೆಚ್ಚು. ದಾರಿ ತೆರೆದಿದೆ ಎಂದು ನಿಲ್ದಾಣದಲ್ಲಿ ಕೇಳದೆ ಹೊರಡಬೇಡಿ. ಐಗರ್‌ಗ್ಲೆಚರ್ ರೈಲು ನಿಲ್ದಾಣದಿಂದ ಆಲ್ಪಿಗ್ಲೆನ್‌ವರೆಗೆ ಆರು ಕಿಲೋಮೀಟರ್, ಸುಮಾರು 700 ಮೀಟರ್ ಇಳಿತ. ನಡುವೆ ಊಟದ ಜಾಗವಿಲ್ಲ, ಆಲ್ಪಿಗ್ಲೆನ್‌ನಲ್ಲಿದೆ. ಬಿಳಿ-ಕೆಂಪು-ಬಿಳಿ ಗುರುತು ಬೆಟ್ಟದ ದಾರಿಯದು, ಅದನ್ನು ಹಿಡಿದು ಹೋಗಿ. ಬಿಳಿ-ನೀಲಿ-ಬಿಳಿ ಕಂಡರೆ ಹಿಂದಿರುಗಿ, ಅದು ಹಗ್ಗ ಹಿಡಿದು ಅಭ್ಯಾಸವಿದ್ದವರ ದಾರಿ. ಹೆಲಿಕಾಪ್ಟರ್ ರಕ್ಷಣೆಗೆ ‘ರೇಗಾ’ದ ಸಂಖ್ಯೆ 1414, ಇಬ್ಬರ ಫೋನಿನಲ್ಲೂ ಇರಲಿ.