ಕೂಡಿಸಿದ ಹಣ ತೆಗೆಯಲು ಕೈ ಬರುವುದಿಲ್ಲ

ಪ್ರಶ್ನೆ: ನನಗೆ 44 ವರ್ಷ. ಧಾರವಾಡದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಕೆಲಸಕ್ಕೆ ಸೇರಿದ್ದು 2010ರಲ್ಲಿ. ಪತಿ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕರು, ಮಗಳು ಪಿಯುಸಿ ಓದುತ್ತಿದ್ದಾಳೆ. ಕಡಿತಗಳೆಲ್ಲ ಹೋಗಿ ನನ್ನ ಕೈಗೆ 55 ಸಾವಿರ ಬರುತ್ತದೆ. ಅದರಲ್ಲಿ 30 ಸಾವಿರ ಉಳಿಸುತ್ತೇನೆ: ಪಿಪಿಎಫ್, ಆರ್‌ಡಿ, ಎರಡು ವಿಮೆ, ಚಿನ್ನದ ಅಂಗಡಿಯ ತಿಂಗಳ ಕಂತು ಐದು ಸಾವಿರ. ಕೆಲವು ವರ್ಷಗಳಿಂದ ಸಂಜೆ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಮೊಬೈಲಿನ ತಂಬೂರಿ ಸಾಕು ಮಾಡಿ ನಿಜವಾದ ತಂಬೂರಿ ತೆಗೆದುಕೊಳ್ಳಿ ಎಂದು ಗುರುಗಳು ಹೇಳುತ್ತಲೇ ಇದ್ದಾರೆ. ಮಿರಜಿನಲ್ಲಿ 38 ಸಾವಿರ ಎಂದರು. ಮೂರು ಸಲ ಅಷ್ಟು ಹಣ ಕೂಡಿಸಿದೆ, ಮೂರು ಸಲವೂ ಎಫ್‌ಡಿ ಮಾಡಿಬಿಟ್ಟೆ. ನಾನು ಚಿಕ್ಕವಳಿದ್ದಾಗ ಅಪ್ಪ ಹಾಕಿದ್ದ ಚೀಟಿ ಮುಳುಗಿ, ಅವ್ವನ ಕೈಯ ಬಿಲ್ವಾರ ಒತ್ತೆಗೆ ಹೋಗಿ ಮತ್ತೆ ಬರಲಿಲ್ಲ. ಪತಿ ಬೇಡ ಎಂದಿಲ್ಲ. ಅವರೇ ಹೋದ ವರ್ಷ ಸಾಲ ಮಾಡಿ ಬೈಕ್ ಕೊಂಡರು. ನನಗೆ ಮಾತ್ರ ಹಣ ತೆಗೆಯುವಾಗ ಕೈ ನಡುಗುತ್ತದೆ. ನಾನು ಜಿಪುಣಳೇ?
— ಹೆಸರು ಬೇಡ, ಧಾರವಾಡ

ಸೋದರಿ,

ಜಿಪುಣರು ಇಂಥ ಪತ್ರ ಬರೆಯುವುದಿಲ್ಲ. ಅಂಚೆ ಖರ್ಚು ಉಳಿಸಲಿಕ್ಕಲ್ಲ, ತಮ್ಮ ಬಗ್ಗೆ ಅವರಿಗೆ ಅಂಥ ಅನುಮಾನವೇ ಹುಟ್ಟುವುದಿಲ್ಲ. ನೀವು ಹೆದರಿದ್ದೀರಿ, ಅಷ್ಟೇ. ಆ ಹೆದರಿಕೆಗೆ ಕಾರಣವೂ ಇದೆ. ಕಣ್ಣೆದುರಿಗೆ ಅವ್ವನ ಕೈ ಬರಿದಾದದ್ದನ್ನು ನೋಡಿದ ಹುಡುಗಿಗೆ, ಮುಂದೆ ಎಷ್ಟೇ ಸಂಬಳ ಬಂದರೂ, ಹಣವೆಂದರೆ ಮೊದಲು ನೆನಪಾಗುವುದು ಅದು ಕೈಬಿಟ್ಟು ಹೋಗುವ ಬಗೆ. ಇದನ್ನು ನಾಲ್ಕು ಧೈರ್ಯದ ಮಾತಿನಿಂದ ತೊಡೆದುಹಾಕಬಹುದು ಎಂದು ನಾನು ನಂಬುವುದಿಲ್ಲ. 'ಇರುವುದೊಂದೇ ಜೀವನ, ಖರ್ಚು ಮಾಡಿ ಸುಖವಾಗಿರಿ' ಎನ್ನುವವರ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮ ಆಸ್ಪತ್ರೆಯ ಬಿಲ್ಲನ್ನು ಅವರು ಕಟ್ಟುವುದಿಲ್ಲ.

ಆದರೆ ಒಂದು ವಿಚಿತ್ರ ನೋಡಿ. ನಿಮ್ಮ ಹೆದರಿಕೆ ಕಾವಲು ಕಾಯುತ್ತಿರುವುದು ತಪ್ಪು ಬಾಗಿಲಲ್ಲಿ. ಚೀಟಿ ಮುಳುಗಿ ಅಪ್ಪನ ಹಣ ಹೋಯಿತು ಎನ್ನುತ್ತೀರಿ. ನೀವೇ ತಿಂಗಳಿಗೆ ಐದು ಸಾವಿರವನ್ನು ಚಿನ್ನದ ಅಂಗಡಿಗೆ ಕಟ್ಟುತ್ತಿದ್ದೀರಿ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಬಡ್ಡಿಯೂ ಸೇರಿ, ಐದು ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ ಇದೆ. 2020ರ ಫೆಬ್ರುವರಿಗೆ ಮೊದಲು ಇದು ಒಂದೇ ಲಕ್ಷವಿತ್ತು. ಚಿನ್ನದ ಅಂಗಡಿಯ ಕಂತಿಗೆ ಇಂಥ ರಕ್ಷಣೆ ಯಾವುದೂ ಇಲ್ಲ. ಅಂಗಡಿಯ ಬಾಗಿಲು ಮುಚ್ಚಿದರೆ ನೀವು ಸಾಲ ಕೊಟ್ಟವರ ಸಾಲಿನಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ. ಎಲ್ಲ ಅಂಗಡಿಗಳೂ ಮುಳುಗುತ್ತವೆ ಎಂದು ನಾನು ಹೇಳುತ್ತಿಲ್ಲ. ಕೈ ನಡುಗಬೇಕಾದಲ್ಲಿ ನಡುಗದೆ, ತಂಬೂರಿಯ ವಿಷಯಕ್ಕೆ ನಡುಗುತ್ತಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಉಳಿತಾಯ ಕಡಿಮೆ ಮಾಡಿ ಎಂಬ ಸಲಹೆ ನನ್ನಿಂದ ಸಿಗುವುದಿಲ್ಲ. ನೀವು 2006ರ ಏಪ್ರಿಲ್ 1ರ ನಂತರ ಸೇರಿದವರು, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನವರು. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ನಿಮ್ಮಿಂದ, ಶೇ 14ರಷ್ಟು ಸರ್ಕಾರದಿಂದ ಜಮೆಯಾಗುತ್ತದೆ. ನಿವೃತ್ತಿಯ ದಿನ ಅದು ಎಷ್ಟಾಗಿರುತ್ತದೆ ಎಂಬುದು ಮಾರುಕಟ್ಟೆಯ ಕೈಯಲ್ಲಿದೆ. ಅದರಲ್ಲಿ ಕನಿಷ್ಠ ಶೇ 40 ಭಾಗದಿಂದ ಪಿಂಚಣಿ ಕೊಳ್ಳಲೇಬೇಕು. ನಿಮಗಿಂತ ಹಿಂದೆ ಸೇರಿದ ಸಹೋದ್ಯೋಗಿಗಳ ಹಾಗೆ ಕೊನೆಯ ಸಂಬಳದ ಅರ್ಧ ಖಚಿತ ಎಂಬ ನೆಮ್ಮದಿ ನಿಮಗಿಲ್ಲ. ಪತಿಯವರದು ಖಾಸಗಿ ಕೆಲಸ. ಹಾಗಾಗಿ ಪಿಪಿಎಫ್ ನಡೆಯಲಿ, ಆರ್‌ಡಿ ನಡೆಯಲಿ.

ಈಗ 38 ಸಾವಿರದ ಲೆಕ್ಕಕ್ಕೆ ಬರೋಣ. ನೀವು ಲೆಕ್ಕ ಬಲ್ಲವರು, ಆದ್ದರಿಂದ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1ರಲ್ಲಿದೆ. ಈ ಹಣವನ್ನು ಅಲ್ಲಿಟ್ಟು, ಅದೇ ದರ ಮುಂದುವರಿದರೆ, ನಿಮಗೆ ಅರವತ್ತಾಗುವ ಹೊತ್ತಿಗೆ ಅದು ಸುಮಾರು 1 ಲಕ್ಷದ 14 ಸಾವಿರ ಆಗುತ್ತದೆ. ದೊಡ್ಡ ಮೊತ್ತವೆನ್ನಿಸಿತೇ? ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದವು ಎಂದುಕೊಳ್ಳಿ. ಆಗ ಆ ಹಣಕ್ಕೆ ಇಂದಿನ 52 ಸಾವಿರದ ಬೆಲೆ ಮಾತ್ರ. ಅಂದರೆ ಹದಿನಾರು ವರ್ಷ ಮೊಬೈಲಿನೊಂದಿಗೆ ಹಾಡಿದ್ದಕ್ಕೆ ನಿಮಗೆ ಸಿಗುವ ನಿಜವಾದ ಲಾಭ, ಇಂದಿನ ಲೆಕ್ಕದಲ್ಲಿ, 14 ಸಾವಿರ. ಅಷ್ಟಕ್ಕಾಗಿ ನೀವು ಅರವತ್ತರ ಕಂಠಕ್ಕೆ ಕಾಯುತ್ತಿದ್ದೀರಿ. ಹಣಕ್ಕೆ ಬಡ್ಡಿ ಬೆಳೆಯುತ್ತದೆ, ಉಸಿರಿನ ದಮ್ಮಿಗೆ ಬೆಳೆಯುವುದಿಲ್ಲ.

ಇನ್ನು ನೀವು ಬರೆದ ಸಾಲನ್ನೇ ನಿಮಗೆ ಓದಿ ಹೇಳುತ್ತೇನೆ: 'ಪತಿ ಬೇಡ ಎಂದಿಲ್ಲ.' ಮನೆಯಲ್ಲಿ ಯಾರೂ ತಡೆದಿಲ್ಲ. ಬೈಕಿಗೆ ಸಾಲ ಮಾಡಿದಾಗ ಅದು ಅಗತ್ಯವೇ, ಆಸೆಯೇ ಎಂದು ಯಾರೂ ಕೇಳಲಿಲ್ಲ; ನೀವೂ ಕೇಳಿರಲಿಕ್ಕಿಲ್ಲ. ಮಗಳ ಟ್ಯೂಷನ್ನಿಗೂ ಆ ಪ್ರಶ್ನೆ ಎದ್ದಿರುವುದಿಲ್ಲ. ಮನೆಯ ಖರ್ಚಿನ ಪಟ್ಟಿಯಲ್ಲಿ ತನ್ನ ಹೆಸರು ಬರುವ ಹೊತ್ತಿಗೆ ಹಣ ಮುಗಿದಿರಬೇಕು ಎಂದು ನಮ್ಮ ಹೆಣ್ಣುಮಕ್ಕಳು ತಾವೇ ತೀರ್ಮಾನಿಸಿಬಿಡುತ್ತಾರೆ. ನನ್ನ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಕೆಲವೊಮ್ಮೆ ಓದುವಾಗ ಸಿಟ್ಟೇ ಬರುತ್ತದೆ. ನೀವಿರುವ ನೆಲದಲ್ಲಂತೂ ಈ ಸಂಕೋಚಕ್ಕೆ ಅರ್ಥವೇ ಇಲ್ಲ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಅವರ ಮನೆಯಲ್ಲೇನೂ ಹಣ ತುಂಬಿ ತುಳುಕುತ್ತಿರಲಿಲ್ಲ. ನೀವು ಗಂಗೂಬಾಯಿ ಆಗಬೇಕಿಲ್ಲ, ಕಛೇರಿ ಕೊಡಬೇಕಿಲ್ಲ, ಗಳಿಸಬೇಕಿಲ್ಲ. ಸಂಜೆ ಒಂದು ತಾಸು ಷಡ್ಜ ಹಚ್ಚಿ ಕುಳಿತು ಸಂತೋಷಪಟ್ಟರೆ ಆ ಖರ್ಚಿಗೆ ಬೇರೆ ಸಮರ್ಥನೆ ಬೇಡ.

ಸರಿ, ಮಾಡುವುದೇನು? ನಾಲ್ಕನೇ ಸಲ ಹಣ ಕೂಡಿಸಬೇಡಿ. ಕೂಡಿಸುವುದು ನಿಮಗೆ ಚೆನ್ನಾಗಿ ಬರುತ್ತದೆ, ತೊಡಕಿರುವುದು ಕೊಡುವಲ್ಲಿ. ಆದ್ದರಿಂದ ಕೊಡುವ ಕೆಲಸವನ್ನು ಮೊದಲು ಮಾಡಿ. ಒಂದು ರಜೆಯ ದಿನ ಗುರುಗಳನ್ನು ಕರೆದುಕೊಂಡು ಮಿರಜಿಗೆ ಹೋಗಿ. ಧಾರವಾಡದಿಂದ ಲೋಂಡಾ, ಬೆಳಗಾವಿ ಮೇಲೆ ರೈಲಿದೆ. ಗುರುಗಳು ಬೇಕೇಬೇಕು, ಏಕೆಂದರೆ ಹೆಂಗಸರ ಪಟ್ಟಿಗೆ (ಹಾಡುವ ಶ್ರುತಿಯ ಮಟ್ಟಕ್ಕೆ) ಮಾಡುವ ತಂಬೂರಿ ಗಂಡಸರದಕ್ಕಿಂತ ಚಿಕ್ಕದು, ಶ್ರುತಿ ಮೇಲಿನದು. ಜವಾರಿ, ಅಂದರೆ ತಂತಿಯ ನಾದಕ್ಕೆ ಝೇಂಕಾರ ತರುವ ಹದ, ಸರಿಯಾಗಿ ಕೂತಿದೆಯೇ ಎಂಬುದು ಪಳಗಿದ ಕಿವಿಗಷ್ಟೇ ತಿಳಿಯುತ್ತದೆ. ಪಂಢರಪುರದ ಸುತ್ತಮುತ್ತ ಬೆಳೆದ ಸೋರೆ ಬುರುಡೆ ಒಣಗಿಸಿ ವಾದ್ಯ ಮಾಡುವ ಮನೆತನಗಳು ಅಲ್ಲಿವೆ. ಮಿರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆಯೂ ಸಿಕ್ಕಿತು. ನಿಮ್ಮ ಪಟ್ಟಿ ಹೇಳಿ, ಮುಂಗಡ ಕೊಟ್ಟು, ರಸೀದಿ ಪಡೆದು ಬನ್ನಿ. ಮುಂಗಡ ಕೊಟ್ಟ ಮೇಲೆ ನಿಮ್ಮ ಉಳಿಸುವ ಬುದ್ಧಿಯೇ ನಿಮ್ಮ ಪರವಾಗಿ ನಿಲ್ಲುತ್ತದೆ: ಕೊಟ್ಟ ಹಣ ದಂಡವಾಗಬಾರದೆಂದು ಉಳಿದದ್ದನ್ನೂ ನೀವು ಕಟ್ಟಿಯೇ ಕಟ್ಟುತ್ತೀರಿ. ಆ ಮೂರು ಎಫ್‌ಡಿಗಳಲ್ಲಿ ಮೊದಲು ಅವಧಿ ಮುಗಿಯುವುದನ್ನು ಇದಕ್ಕೆ ಬಳಸಿ. ಮುರಿಸಬೇಡಿ.

ಚಿನ್ನದ ಕಂತು ಈ ಸುತ್ತು ಮುಗಿದ ಮೇಲೆ ಮತ್ತೆ ಶುರುವಾಗುವುದು ಬೇಡ. ಆ ಐದು ಸಾವಿರದಲ್ಲಿ ಮೂರು ಸಾವಿರ ಆರ್‌ಡಿಗೆ ಸೇರಲಿ. ಎರಡು ಸಾವಿರ ನಿಮ್ಮೊಬ್ಬರ ಹೆಸರಿನ ಬೇರೆ ಖಾತೆಗೆ ಹೋಗಲಿ. ತಂತಿ, ಗುರುಗಳ ಶುಲ್ಕ, ವರ್ಷಕ್ಕೊಮ್ಮೆ ಪುಣೆಯ ಸವಾಯಿ ಗಂಧರ್ವ ಉತ್ಸವ, ಅಥವಾ ಸುಮ್ಮನೆ ಒಂದು ಇಳಕಲ್ ಸೀರೆ. ಈ ಖಾತೆಗೆ ಒಂದೇ ನಿಯಮ: ಇಲ್ಲಿಂದ ಎಫ್‌ಡಿಗೆ ಹಣ ಹೋಗಕೂಡದು. ತುಟ್ಟಿಭತ್ಯೆ ಏರಿದಾಗಲೆಲ್ಲ ಅದರ ಸಣ್ಣ ಪಾಲೊಂದು ಇಲ್ಲಿಗೂ ಬರಲಿ.

ನೀವು ಬರೆಯದ ಎರಡು ಸಂಗತಿಗಳು ನನ್ನ ಸಲಹೆಯನ್ನು ಬದಲಿಸಬಹುದು. ಆರು ತಿಂಗಳ ಮನೆಖರ್ಚಿನಷ್ಟು ಹಣ ಬೇಕೆಂದಾಗ ಸಿಗುವಂತೆ ಇಲ್ಲದಿದ್ದರೆ, ಅಥವಾ ಬೈಕಿನ ಸಾಲದ ಕಂತು ತಪ್ಪುತ್ತಿದ್ದರೆ, ಮೊದಲು ಅದು. ಇನ್ನೊಂದು, ಈ ಕೈ ನಡುಕ ತಂಬೂರಿಗಷ್ಟೇ ಸೀಮಿತವೇ? ಔಷಧಿ ಕೊಳ್ಳಲು, ಹರಿದ ಚಪ್ಪಲಿ ಬದಲಿಸಲು, ಹಸಿದಾಗ ಹೊರಗೆ ಊಟ ಮಾಡಲು ಕೂಡ ಹೀಗೇ ಆಗುತ್ತಿದ್ದರೆ ಅದು ಅಂಕಣಕಾರರ ಕೈಮೀರಿದ್ದು. ನಿಮ್ಮ ಊರಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಒಮ್ಮೆ ಮಾತನಾಡಿ. ಹೋಗಲು ಹಿಂಜರಿಕೆಯಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಅಂದ ಹಾಗೆ, ಮಿರಜಿನಲ್ಲಿ ಬೆಲೆ ಮಾತಾಡುವಾಗ ಗವಸು ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ಧಾರವಾಡದ ಮಳೆಗಾಲದ ತೇವಕ್ಕೆ ಬುರುಡೆಯನ್ನು ಬರಿದೇ ಇಡಲಾಗದು. ಆ ಖರ್ಚು ಪ್ರತ್ಯೇಕವಾದರೆ ಅದನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿಬಿಡಿ. ಗವಸಿನ ನೆಪದಲ್ಲಿ ತಂಬೂರಿ ಇನ್ನೊಂದು ವರ್ಷ ಅಂಗಡಿಯಲ್ಲೇ ಉಳಿಯಬಾರದು.